ಬೂದನ ಸದ್ದಡಗಿದ್ದು

ಮಗಳು ಫೋನಿನಲ್ಲಿ ತನ್ನ ಆಪರೇಷನ್ನಿನ ಸುದ್ದಿ ಹೇಳಿದಾಗ ಹಲ್ಲಪ್ಪ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ. ಫೋನು ಹೆಂಡತಿಯ ಕೈಯಲ್ಲಿತ್ತು. ಹೊಟ್ಟೆಯ ಆಪರೇಷನ್, ಹೆದರುವಂಥದ್ದೇನಲ್ಲ, ಆದರೆ ಆಮೇಲೆ ಕೆಲವು ವಾರ ಭಾರ ಎತ್ತುವ ಹಾಗಿಲ್ಲ. ಅಂಬೆಗಾಲಿಡುವ ಮಗುವನ್ನು ಎತ್ತದೆ ಸಾಕುವುದು ಹೇಗೆ? ಅಳಿಯನಿಗೆ ಹಡಗಿನ ಕೆಲಸ, ವರ್ಷದಲ್ಲಿ ಅರ್ಧ ನೀರಿನ ಮೇಲೆ. ಹಾಗಾಗಿ ಆಪರೇಷನ್ನಿಗೆ ಮುಂಚೆಯೇ ಮಗುವಿನ ಜೊತೆ ತವರಿಗೆ ಬಂದುಬಿಡುವುದೆಂದು ತೀರ್ಮಾನವಾಯಿತು. ತಿಂಗಳ ಕೊನೆಗೆ.

ಫೋನಿಟ್ಟ ಮೇಲೆ ಹೆಂಡತಿ ಗಂಡನ ಮುಖ ನೋಡಲಿಲ್ಲ. ಊಟದ ಮೇಜಿನ ಕೆಳಗೆ ನೋಡಿದಳು. ಅಲ್ಲಿ ಮನೆಯ ನಾಯಿ ಬೂದ ಮಲಗಿತ್ತು.

“ಅದನ್ನ ಸರಿಮಾಡಿಸಿ,” ಅಂದಳು. “ಇಲ್ಲಾಂದ್ರೆ ಎಲ್ಲಾದ್ರೂ ಬಿಟ್ಟು ಬನ್ನಿ. ಇನ್ನೊಂದು ಸಲ ನಾನು ಹೇಳಲ್ಲ.”

ಹೇಳಿದ್ದನ್ನು ಇನ್ನೊಂದು ಸಲ ಹೇಳಿದವಳೇ ಅಲ್ಲ ಅವಳು. ಆ ಮನೆಯ ರೀತಿಯೇ ಹಾಗೆ. ಅಲ್ಲಿ ಜಗಳವೆಂದರೆ ದನಿ ಏರಿಸುವುದಲ್ಲ, ದನಿ ನಿಲ್ಲಿಸುವುದು. ಊಟದ ಹೊತ್ತಿನಲ್ಲಿ ತಟ್ಟೆಗೆ ಚಮಚ ತಾಗಿ ಸದ್ದಾದರೂ ಒಂದು ನೋಟ ನೋಡುತ್ತಿದ್ದ ಅಪ್ಪನ ಕೈಕೆಳಗೆ ಬೆಳೆದವನು ಅವನು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಕೇಳುತ್ತಾ ಬೆಳೆದವಳು ಅವಳು. ಮದುವೆಯಾದ ಹೊಸತರಲ್ಲಿ ನೆಂಟರು, ‘ಒಳ್ಳೆ ಜೋಡಿ, ಪಕ್ಕದ ಮನೆಗೂ ಸದ್ದು ಕೇಳಿಸಲ್ಲ’ ಎಂದು ಹೊಗಳಿದ್ದರು. ಸದ್ದಿಲ್ಲ ಅಂದರೆ ಎಲ್ಲ ಸರಿಯಾಗಿದೆ ಅಂತಲೇ ಆ ಮನೆಯಲ್ಲಿ ಅರ್ಥ. ಬಾಗಿಲು ಬಡಿದು, ಅತ್ತು, ಕೂಗಾಡಿ ಬೆಳೆದವಳು ಮಗಳೊಬ್ಬಳೇ. ಇವಳು ಯಾರನ್ನು ಹೋತಳೋ ಎಂದು ಗಂಡಹೆಂಡಿರಿಬ್ಬರೂ ಬೇರೆ ಬೇರೆಯಾಗಿ ಯೋಚಿಸಿದ್ದುಂಟು, ಒಬ್ಬರಿಗೊಬ್ಬರು ಹೇಳಿಕೊಂಡದ್ದಿಲ್ಲ.

ಬೂದನನ್ನು ತಂದವಳೂ ಮಗಳೇ. ಓದುವ ಕಾಲದಲ್ಲಿ ಒಂದು ಮಧ್ಯಾಹ್ನ ಮಾರುಕಟ್ಟೆಯ ಹಿಂದಿನ ರಟ್ಟಿನ ರಾಶಿಯಿಂದ ಎತ್ತಿಕೊಂಡು ಬಂದಳು. ಆರಿದ ಒಲೆಯ ಬೂದಿಯ ಬಣ್ಣ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋಲು. ‘ಒಂದು ವಾರ ಅಷ್ಟೇ ಅಪ್ಪ’ ಅಂದಿದ್ದಳು. ಅವಳು ಮದುವೆಯಾಗಿ ಹೋದಳು, ನಾಯಿ ಉಳಿಯಿತು. ಹೆಂಡತಿಯ ಬಾಯಲ್ಲಿ ಅದು ಯಾವತ್ತೂ ‘ಅದು’. ಹಲ್ಲಪ್ಪನಿಗೆ ಮಾತ್ರ ‘ಅವನು’. ಬೆಳಗಿನ ನಡಿಗೆಯಲ್ಲಿ, ಅಂಗಡಿಗಳು ತೆರೆಯುವ ಮುಂಚೆ, ಅವನು ಬಾಯಿಬಿಟ್ಟು ಮಾತಾಡುತ್ತಿದ್ದದ್ದು ಆ ನಾಯಿಯ ಜೊತೆ ಒಂದೇ.

ಕಳೆದೊಂದು ವರ್ಷದಿಂದ ಬೂದ ಬದಲಾಗಿತ್ತು. ಮಲಗಿದ್ದಾಗ ಯಾರಾದರೂ ಹತ್ತಿರ ಹೋದರೆ ಗಂಟಲೊಳಗೆ ಕಲ್ಲುರುಳಿದ ಹಾಗೆ ಗುರ್ ಅನ್ನುತ್ತಿತ್ತು. ಕಚ್ಚಿದ್ದಿಲ್ಲ. ಹಿಂದಿನ ಸಲ ಮಗಳು ಬಂದಾಗ ಮಗು ಮೇಜಿನ ಕೆಳಗೆ ತೆವಳಿಕೊಂಡು ಹೋಯಿತು, ಬೂದ ಗುರ್ ಅಂತು, ಹೆಂಡತಿ ಹಾರಿಬಂದು ಮಗುವನ್ನು ಕಾಲು ಹಿಡಿದು ಎಳೆದುಕೊಂಡಳು. ಅವತ್ತಿನಿಂದ ಆ ಗುರ್ ಎನ್ನುವುದು ಮನೆಯೊಳಗಿನ ಒಂದು ಬಿರುಕಿನ ಹಾಗೆ ಎಲ್ಲರ ಕಣ್ಣಿಗೂ ಬೀಳುತ್ತಿತ್ತು.

ಹಲ್ಲಪ್ಪ ಎಂಬುದು ಬೀದಿಯವರು ಇಟ್ಟ ಹೆಸರು. ಅವನ ಕೆಲಸ ಹಲ್ಲುಸೆಟ್ಟು ಕಟ್ಟುವುದು. ಔಷಧಿ ಅಂಗಡಿಯ ಮೇಲಿನ ಉದ್ದನೆಯ ಕೋಣೆಯಲ್ಲಿ, ದಂತವೈದ್ಯರು ಕಳಿಸಿದ ಅಚ್ಚುಗಳನ್ನು ಸಾಲಾಗಿಟ್ಟುಕೊಂಡು, ಮೇಣದಲ್ಲಿ ವಸಡು ಮಾಡಿ, ಒಂದೊಂದೇ ಹಲ್ಲು ಕೂರಿಸುತ್ತಾನೆ. ಮೇಲಿನ ದವಡೆ ಕೆಳಗಿನದರ ಮೇಲೆ ಕೂತಾಗ ಎಲ್ಲಿಯೂ ಒಂದು ಕೂದಲೆಳೆ ಹೆಚ್ಚು ತಾಗಬಾರದು. ನೀಲಿ ಕಾಗದ ಕಚ್ಚಿಸಿ ನೋಡಿ, ಗುರುತು ಬಿದ್ದಲ್ಲಿ ಅರೆದು, ಮತ್ತೆ ಕಚ್ಚಿಸಿ ನೋಡಬೇಕು. ಪಕ್ಕದಲ್ಲಿ ಕೂತು ಮೇಣ ಕಾಯಿಸುವ ಗೆಳೆಯ ದಿನವಿಡೀ ಮಾತಾಡುತ್ತಾನೆ. ಹಲ್ಲಪ್ಪ ಹೂಂಗುಡುತ್ತಾನೆ. ಅದೇ ಅವರ ಸ್ನೇಹ.

ಆ ವಾರ ಒಂದು ಸೆಟ್ಟು ವಾಪಸು ಬಂದಿತ್ತು. ಯಾರೋ ಅಜ್ಜಿಯದು. ವಸಡು ಹುಣ್ಣಾಗಿ ಕೀವು ತುಂಬುವವರೆಗೂ ಆಕೆ ತುಟಿಪಿಟಕ್ಕೆನ್ನದೆ ಹಾಕಿಕೊಂಡಿದ್ದರಂತೆ.

“ಚುಚ್ತಿದೆ ಅಂತ ಬಾಯಿಬಿಡೋಕೇನಾಗಿತ್ತಪ್ಪ ಆ ಅಜ್ಜಿಗೆ,” ಎಂದ ಮೇಣದ ಗೆಳೆಯ. “ಹಲ್ಲಿಲ್ಲದಿದ್ರೂ ನಾಲಿಗೆ ಇತ್ತಲ್ಲ.”

“ಡಾಕ್ಟರಿಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದಿರಬೇಕು.”

“ಒಳ್ಳೆಯವರ ಸಹವಾಸ ಬೇಡ ಮಾರಾಯ.”

“ಬೈಯೋ ರೋಗಿನೇ ವಾಸಿ,” ಎಂದ ಹಲ್ಲಪ್ಪ, ಸೆಟ್ಟನ್ನು ದೀಪಕ್ಕೆ ಹಿಡಿದು. “ಎಲ್ಲಿ ತಾಗ್ತಿದೆ ಅಂತ ಗೊತ್ತಾಗುತ್ತೆ. ಸುಮ್ಮನಿರೋರದ್ದೇ ಕಷ್ಟ.”

ಅವನ ಮಟ್ಟಿಗೆ ಅದು ದೊಡ್ಡ ಭಾಷಣ. ಗೆಳೆಯ ಎರಡು ಕೈಯೆತ್ತಿ ಮುಗಿದ.

ನಾಯಿಗೆ ಕಲಿಸುವವರು ಬೇಕೆಂದು ಅವನು ಮೊದಲು ಕೇಳಿದ್ದು ಪ್ರಾಣಿವೈದ್ಯರನ್ನು. ಅವರು ಹಿಂದುಮುಂದು ನೋಡದೆ ಒಬ್ಬ ಹೆಂಗಸಿನ ನಂಬರು ಕೊಟ್ಟರು. “ಓದ್ಕೊಂಡಿದ್ದಾರೆ, ಕೆಲಸ ಗೊತ್ತು. ಆದ್ರೆ ನಿಧಾನ,” ಅಂದರು.

ಆಕೆ ಭಾನುವಾರ ಬಂದಳು. ನಲವತ್ತರ ಆಸುಪಾಸು, ಹೆಗಲಿಗೊಂದು ಬಟ್ಟೆಚೀಲ. ಕುರ್ಚಿ ಕೊಟ್ಟರೆ ಬೇಡವೆಂದು ಬಾಗಿಲ ಪಕ್ಕದಲ್ಲಿ ನೆಲದ ಮೇಲೆಯೇ ಕೂತಳು. ಬೂದನ ಕಡೆಗೆ ಓರೆಯಾಗಿ ಕೂತು, ಅದನ್ನು ನೇರವಾಗಿ ನೋಡದೆ, ಗಂಡಹೆಂಡಿರನ್ನು ಪ್ರಶ್ನೆ ಕೇಳತೊಡಗಿದಳು. ಯಾವಾಗ ಗುರುಗುಟ್ಟುತ್ತೆ? ಯಾವ ಕಡೆಯಿಂದ ಹೋದರೆ? ನಿಂತಿದ್ದಾಗಲೋ ಮಲಗಿದ್ದಾಗಲೋ? ಎದ್ದೇಳುವಾಗ ಯಾವ ಕಾಲು ಮೊದಲು? ಮೆಟ್ಟಿಲು ಹತ್ತುವಾಗ ಹೇಗೆ?

“ನಿಂತು ನಿಂತು ಹತ್ತುತ್ತಾನೆ,” ಎಂದ ಹಲ್ಲಪ್ಪ. “ವಯಸ್ಸಾಯ್ತಲ್ಲ.”

“ವಯಸ್ಸು ಕಾಯಿಲೆ ಅಲ್ಲ ಸರ್. ಮೊದಲು ಸೊಂಟದ ಎಕ್ಸ್‌ರೇ ತೆಗೆಸಿ. ನೋವಿರೋ ನಾಯಿಗೆ ಪಾಠ ಹೇಳಿ ಏನೂ ಉಪಯೋಗ ಇಲ್ಲ.”

“ಅದೆಲ್ಲ ಇರಲಿ,” ಎಂದಳು ಹೆಂಡತಿ. “ತಿಂಗಳ ಕೊನೆಗೆ ಮಗು ಬರುತ್ತೆ. ಅಷ್ಟರಲ್ಲಿ ಸರಿಹೋಗುತ್ತಾ ಹೇಳಿ.”

“ಹೇಳೋಕಾಗಲ್ಲಮ್ಮ.”

“ಅಂದ್ರೆ?”

“ಅಷ್ಟು ಬೇಗ ಸರಿಮಾಡ್ತೀನಿ ಅಂತ ನಾನು ಮಾತು ಕೊಡಲ್ಲ. ಮಗು ಇರೋವಷ್ಟು ದಿನ ಬೇರೆ ಕೋಣೆ, ನಡುವೆ ಅಡ್ಡಕ್ಕೆ ಒಂದು ಕಟಾಂಜನ, ಯಾರಾದ್ರೂ ಒಬ್ಬರ ಕಣ್ಣು ಯಾವಾಗ್ಲೂ ಇರಬೇಕು. ಅದನ್ನ ಹೇಗೆ ಮಾಡೋದು ಅಂತ ಹೇಳಿಕೊಡ್ತೀನಿ. ಮಿಕ್ಕಿದ್ದು ತಿಂಗಳುಗಟ್ಟಲೆ ಕೆಲಸ.” ಆಕೆ ಎದ್ದು ಬಟ್ಟೆ ಕೊಡವಿಕೊಂಡಳು. “ಒಂದೇ ಮಾತು. ಗುರ್ ಅಂದಾಗ ಬೈಬೇಡಿ, ಹೊಡೀಬೇಡಿ. ಅವನು ‘ಸಾಕು, ದೂರ ಇರು’ ಅಂತ ಹೇಳ್ತಿದ್ದಾನೆ, ಅಷ್ಟೇ. ಹೇಳ್ತಿರೋವರೆಗೂ ನೀವು ಬಚಾವು.”

ಆಕೆ ಹೋದ ಮೇಲೆ ಹೆಂಡತಿ ಆಕೆ ಕೂತಿದ್ದ ಜಾಗವನ್ನು ಒರೆಸಿದಳು. “ನಾಯಿನ ಒಂದ್ಸಲ ಮುಟ್ಟಲೂ ಇಲ್ಲ. ನಾಯಿಗೆ ಕಲಿಸೋಕೆ ಬಂದ್ಲೋ ನಮ್ಮನ್ನ ವಿಚಾರಣೆ ಮಾಡೋಕೆ ಬಂದ್ಲೋ. ಪ್ರಶ್ನೆಯಮ್ಮ.”

ಹಲ್ಲಪ್ಪನಿಗೆ ಆಕೆಯ ಮಾತು ಹಿಡಿಸಿತ್ತು. ಹಿಡಿಸಿತು ಎಂದು ಅವನು ಹೇಳಲಿಲ್ಲ. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಒರೆಸುವ ಬಟ್ಟೆಯನ್ನು ಹಿಂಡುತ್ತಿದ್ದಳು, ನೀರು ಬೀಳುವ ಸದ್ದು ಮುಗಿಯಲಿ ಎಂದು ಕಾದ, ಅದು ಮುಗಿದ ಮೇಲೆ ಹೇಳುವ ಹೊತ್ತು ಮೀರಿತ್ತು.

ನಾಯಿ ಪಳಗಿಸುವ ಮಾಸ್ಟರರ ಸುದ್ದಿ ತಂದವರು ಎದುರುಮನೆಯ ನಿವೃತ್ತ ಟಿಕೆಟ್ ಕಲೆಕ್ಟರು. ಅವರಿಗೆ ಬಾಯಿಗೆ ಬೀಗವಿಲ್ಲ.

“ಬೊಗಳೋ ನಾಯಿ ಕಚ್ಚಲ್ಲ ಅಂತಾರೆ ಹಲ್ಲಪ್ಪನೋರೆ. ಆದ್ರೆ ಆ ಗಾದೆ ನಿಮ್ಮ ನಾಯಿಗೆ ಗೊತ್ತಿರಬೇಕಲ್ಲ?” ಎಂದು ತಾವೇ ನಕ್ಕರು. “ನನ್ನ ತಮ್ಮನ ಮನೆಯ ನಾಯಿ ಗೋಡೆ ನೋಡಿದ್ರೂ ಬೊಗಳ್ತಿತ್ತು. ಮಾಸ್ಟರ ಹತ್ರ ಬಿಟ್ಟು ಕರ್ಕೊಂಡು ಬಂದ್ರು ನೋಡಿ, ಈಗ ಅದು ನಾಯಿನೋ ಸೋಫಾನೋ ಗೊತ್ತಾಗಲ್ಲ.”

ಸೋಫಾ ಎಂಬ ಮಾತಿಗೆ ಹೆಂಡತಿಯ ಕಣ್ಣರಳಿತು.

ಮಾಸ್ಟರರ ಜಾಗ ರೈಲು ಹಳಿಯಾಚೆ, ಹಳೆಯ ಗೋದಾಮುಗಳ ನಡುವೆ. ತಗಡಿನ ಮಾಡಿನ ಕಚೇರಿ, ಅದರ ಮುಂದೆ ಬೇಲಿ ಹಾಕಿದ ಮೈದಾನ. ಕಚೇರಿಯ ಗೋಡೆಯ ತುಂಬ ಕಟ್ಟುಹಾಕಿದ ಸರ್ಟಿಫಿಕೇಟುಗಳು. ಮಾಸ್ಟರು ಎದೆಯುಬ್ಬಿದ ಆಳು, ಕ್ಯಾಪು ತೆಗೆಯದೆ ಮಾತಾಡುವವರು, ಬೆನ್ನು ತಟ್ಟುವವರು.

“ಮಗು ಬರುತ್ತಾ? ಬರಲಿ ಬಿಡಿ ಅಕ್ಕ. ನಾಯಿನ ನನ್ನ ಕೈಗೆ ಕೊಟ್ಟು ಹೋಗಿ. ವಾಪಸು ಕೊಡೋವಾಗ ಅದರ ಬಾಯಿಂದ ಗುರ್ ಅಂತ ಒಂದು ಶಬ್ದ ಬಂದ್ರೆ ನನ್ನ ಹೆಸರು ಬೇರೆ ಇಡಿ. ಗ್ಯಾರಂಟಿ.”

ಆ ಮಾತಿಗಿಂತ ಹೆಚ್ಚಾಗಿ ಮೈದಾನವೇ ಗಂಡಹೆಂಡಿರಿಗೆ ಭರವಸೆ ಕೊಟ್ಟಿತು. ಅಲ್ಲಿ ಉದ್ದಕ್ಕೂ ನಾಯಿಗಳು ಸಾಲಾಗಿ ಮಲಗಿದ್ದವು. ಕರಿಯವು, ಕಂದು, ದೊಡ್ಡವು, ಕುಳ್ಳವು. ಹಳಿಯ ಮೇಲೊಂದು ಗೂಡ್ಸ್ ರೈಲು ಗಡಗಡಿಸುತ್ತಾ ಹೋಯಿತು. ಒಂದೂ ತಲೆಯೆತ್ತಲಿಲ್ಲ.

“ಇಷ್ಟೊಂದು ನಾಯಿ,” ಎಂದಳು ಹೆಂಡತಿ ಪಿಸುದನಿಯಲ್ಲಿ, ಆಸ್ಪತ್ರೆಯಲ್ಲಿ ಮಾತಾಡುವ ಹಾಗೆ. “ಒಂದು ಸದ್ದಿಲ್ಲ ನೋಡಿ.”

ಹಲ್ಲಪ್ಪನೂ ನೋಡಿದ. ಅವನಿಗೂ ಆ ನಿಶ್ಶಬ್ದ ಚೆಂದ ಕಂಡಿತು. ತನ್ನ ಮನೆಯ ಮಧ್ಯಾಹ್ನಗಳ ಹಾಗೆಯೇ ಇತ್ತದು. ಎರಡು ಸಂಗತಿ ಮಾತ್ರ ಕಣ್ಣಿಗೆ ಚುಚ್ಚಿದವು. ಮಾಸ್ಟರು ಹತ್ತಿರ ಬಂದಾಗ ಒಂದು ಕಂದು ನಾಯಿ ಮುಖ ಆಚೆ ತಿರುಗಿಸಿ, ತಿನ್ನಲು ಏನೂ ಇಲ್ಲದಿದ್ದರೂ ತುಟಿ ನೆಕ್ಕಿಕೊಂಡಿತು. ಇನ್ನೊಂದು, ಗೋಡೆಯ ಸರ್ಟಿಫಿಕೇಟುಗಳಲ್ಲಿ ಹತ್ತಿರದ್ದನ್ನು ಓದಿದಾಗ ಅದು ನಾಯಿಪ್ರದರ್ಶನದಲ್ಲಿ ಭಾಗವಹಿಸಿದ್ದಕ್ಕೆ ಕೊಟ್ಟದ್ದಾಗಿತ್ತು. ಅದರ ಪಕ್ಕದ್ದು ಓಟದ ಸ್ಪರ್ಧೆಯದು. ಅದರ ಪಕ್ಕದ್ದನ್ನು ಓದಬೇಕೆಂದರೆ ಮಾಸ್ಟರಿಗೆ ಸ್ವಲ್ಪ ಸರಿಯಿರಿ ಎನ್ನಬೇಕಿತ್ತು.

ಇವರು ಎಲ್ಲಿ ಕಲಿತದ್ದು, ಯಾರ ಹತ್ತಿರ ಕಲಿತದ್ದು? ಗುರ್ ಅನ್ನುವುದನ್ನು ಹೇಗೆ ನಿಲ್ಲಿಸುತ್ತಾರೆ? ಪ್ರಶ್ನೆಯೆರಡೂ ನಾಲಿಗೆಯ ತುದಿಗೆ ಬಂದು ನಿಂತವು. ಎದುರಿಗೆ ನಿಂತವರನ್ನು ನಿಮಗೆ ಕೆಲಸ ಗೊತ್ತೇ ಎಂದು ಕೇಳುವುದು ಹೇಗೆ? ಹೆಂಡತಿಯ ಮುಖದಲ್ಲಿ ಎಷ್ಟೋ ದಿನದ ಮೇಲೆ ಗೆಲುವು ಕಾಣುತ್ತಿತ್ತು. ಅವನು ಸರಪಳಿಯನ್ನು ಮಾಸ್ಟರ ಕೈಗೆ ಕೊಟ್ಟ. ಬೂದ ಹಿಂದೆ ತಿರುಗಿ ನೋಡಿತು. ಅವನು ಬೇಲಿಯ ಅಗುಳಿ ಹಾಕುವುದರಲ್ಲಿ ಮಗ್ನನಾದ ಹಾಗೆ ನಿಂತ.

ಬೂದ ಮನೆಗೆ ವಾಪಸು ಬಂದಾಗ ಮಾಸ್ಟರು ಹೇಳಿದ್ದೆಲ್ಲ ನಿಜವಾಗಿತ್ತು. ಮೇಜಿನ ಕೆಳಗೆ ಹೋಗಿ ಮಲಗಿತು. ಹೆಂಡತಿ ಮೊದಲು ಪೊರಕೆಯ ಹಿಡಿಯಿಂದ, ಆಮೇಲೆ ಕಾಲಿನಿಂದ ಅದರ ಹತ್ತಿರದ ನೆಲ ತಟ್ಟಿ ನೋಡಿದಳು. ಸದ್ದಿಲ್ಲ. ಅದರ ಮೇಲೆ ದಾಟಿದಳು. ಸದ್ದಿಲ್ಲ. ಬಾಗಿ, ವರ್ಷಗಳಲ್ಲಿ ಮೊದಲ ಬಾರಿಗೆ, ಅದರ ತಲೆ ಮುಟ್ಟಿದಳು.

“ಪಾಪ, ಎಷ್ಟು ಮೆತ್ತಗಿದೆ ಕಿವಿ,” ಎಂದಳು.

ಮಗಳಿಗೆ ಫೋನಿನಲ್ಲಿ ಬೂದನನ್ನು ತೋರಿಸಿದರು. “ಏನಪ್ಪ ಇವನು, ಸನ್ಯಾಸಿ ಆಗಿಬಿಟ್ಟಿದ್ದಾನೆ,” ಎಂದು ಮಗಳು ನಕ್ಕಳು. ಎದುರುಮನೆಯವರು ಬಂದು ನೋಡಿ, “ಹೇಳಿದ್ನಲ್ಲ, ಸೋಫಾ,” ಎಂದರು; ತಮ್ಮ ಬೆನ್ನನ್ನು ತಾವೇ ತಟ್ಟಿಕೊಳ್ಳುವುದೊಂದು ಬಾಕಿಯಿತ್ತು. ಹೆಂಡತಿ ಕಿಟಕಿಯ ಕೆಳಗೆ ಮಗುವಿಗೆ ಹಾಸಿಗೆ ಹಾಕಿ, ಗಿಲಕಿ, ಮರದ ಕುದುರೆ, ಬಣ್ಣದ ಚೆಂಡು ಜೋಡಿಸಿಟ್ಟಳು. ಪಕ್ಕದಲ್ಲೇ ಬೂದನಿಗೂ ಒಂದು ಹಳೆಯ ಕಂಬಳಿ.

ಅವನಿಗೆ ಮಾತ್ರ ಕಾಣುತ್ತಿತ್ತು. ಬೆಳಗಿನ ನಡಿಗೆಯಲ್ಲಿ ಅವನು ಎಂದಿನಂತೆ ಮಾತಾಡಿದರೆ ಬೂದ ಕಿವಿ ಹಿಂದಕ್ಕೆ ಮಡಚಿ ನೆಲ ನೋಡುತ್ತಿತ್ತು. ಬಳಿ ಹೋದರೆ ಮುಖ ತಿರುಗಿಸಿ ತುಟಿ ನೆಕ್ಕಿಕೊಳ್ಳುತ್ತಿತ್ತು. ಕತ್ತಿನ ಕೂದಲೊಳಗೆ ಬೆರಳಾಡಿಸಿದಾಗ ಗಾಯ ಒಣಗಿದ ಎರಡು ಪುಟ್ಟ ಹಕ್ಕಳೆ ಸಿಕ್ಕಿದವು, ಗಂಟಲಿನ ಎರಡೂ ಬದಿಗೆ, ಅಳೆದು ಇಟ್ಟ ಹಾಗೆ. ಏನು ಕಟ್ಟಿದ್ದರೋ ಅಲ್ಲಿ? ಗುರ್ ಅಂದಾಗಲೆಲ್ಲ ಏನು ಚುಚ್ಚಿತ್ತೋ? ಅವನ ಬೆರಳುಗಳಿಗೆ ಅರ್ಥವಾಯಿತು. ಬಾಯಿಗೆ ಬರಲಿಲ್ಲ. ಅತ್ತ ಹೆಂಡತಿ, ತಾನಾಗಿಯೇ, ನಾಯಿಯ ಬಟ್ಟಲಿಗೆ ಹಾಲು ಹಾಕುತ್ತಿದ್ದಳು. ಈ ಶಾಂತಿಯನ್ನು ಯಾವ ಮಾತಿನಿಂದ ಒಡೆಯುವುದು?

ಮಗಳು ಬರುವ ಹಿಂದಿನ ದಿನ ಕೆಲಸದಿಂದ ಬಂದವನು ಬಟ್ಟೆ ಬದಲಿಸುವಾಗ ಕಾಲು ತಾಗಿ ಬಣ್ಣದ ಚೆಂಡು ಉರುಳಿತು. ಉರುಳಿ ಮೇಜಿನ ಕೆಳಗೆ ಹೋಯಿತು. ಅವನು ಮೊಣಕಾಲೂರಿ, ಬೂದನ ಬೆನ್ನ ಹಿಂದೆ ಸಿಕ್ಕಿಕೊಂಡ ಚೆಂಡಿಗೆ ಕೈ ಚಾಚಿದ. ಮುಂಗೈ ನಾಯಿಯ ಸೊಂಟಕ್ಕೆ ಒತ್ತಿತು.

ಏನೂ ಕೇಳಿಸಲಿಲ್ಲ. ಅದೇ ವಿಚಿತ್ರ. ಆಮೇಲೆ ನೆನಪು ಮಾಡಿಕೊಂಡಾಗಲೂ ಅವನಿಗೆ ಸಿಕ್ಕಿದ್ದು ಸದ್ದಿಲ್ಲದೊಂದು ಚಿತ್ರ ಮಾತ್ರ. ಬೂದನ ತಲೆ ಇಲ್ಲಿತ್ತು, ಮರುಕ್ಷಣ ಅಲ್ಲಿತ್ತು, ಅವನ ಹೆಬ್ಬೆರಳಿನ ಬುಡ ಅದರ ಬಾಯೊಳಗಿತ್ತು. ಬಿಟ್ಟೂ ಆಯಿತು. ನಾಯಿ ಗುರ್ ಅನ್ನಲಿಲ್ಲ. ಅವನೂ ಅಯ್ಯೋ ಅನ್ನಲಿಲ್ಲ. ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತಿದ್ದ ಹೆಂಡತಿಗೆ ಗೊತ್ತೇ ಆಗಲಿಲ್ಲ.

ಬಚ್ಚಲಿನಲ್ಲಿ ನಲ್ಲಿಯ ಕೆಳಗೆ ಕೈಯಿಟ್ಟು ಗಾಯ ನೋಡಿದ. ಮೇಲೆರಡು, ಕೆಳಗೆರಡು, ಕೋರೆಹಲ್ಲಿನ ತೂತುಗಳು. ಕೆಳಗಿನ ಎಡಗಡೆಯದು ಆಳ. ಇಷ್ಟು ವರ್ಷ ನೀಲಿ ಕಾಗದದ ಮೇಲೆ ಗುರುತು ಓದಿದ ಕಣ್ಣು, ತನ್ನ ಕೈಯ ಮೇಲೂ ಅದನ್ನೇ ಓದಿತು. ಇದೇ ಬಾಯಿ ಒಂದು ಮಗುವಿನ ಮುಖಕ್ಕೆ ಬಿದ್ದರೆ ಯಾವ ಗುರುತು ಎಲ್ಲಿ ಕೂರುತ್ತದೆ ಎಂಬುದೂ ಅವನಿಗೆ ಗೊತ್ತಿತ್ತು. ಕಣ್ಣು ಮುಚ್ಚಿಕೊಂಡ. ಗೊತ್ತಿರುವುದು ಹೋಗಲಿಲ್ಲ.

“ಪಟ್ಟಿ ಯಾಕೆ?” ಎಂದಳು ಹೆಂಡತಿ.

“ಮೇಣದ ಚಾಕು.”

ಬೆಳಿಗ್ಗೆ ಕೆಲಸಕ್ಕೆಂದು ಹೊರಟವನು ಮೊದಲು ಇಂಜೆಕ್ಷನ್ನು ಚುಚ್ಚಿಸಿಕೊಂಡು, ಮತ್ತೆ ಮನೆಗೆ ಬಂದು, ನಡಿಗೆಯ ನೆವದಲ್ಲಿ ಬೂದನನ್ನು ಪ್ರಾಣಿವೈದ್ಯರ ಹತ್ತಿರ ಕರೆದೊಯ್ದ. ವೈದ್ಯರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಸೊಂಟದ ಕೀಲಿನ ಗುಂಡು ತನ್ನ ಬಟ್ಟಲಿನಲ್ಲಿ ಕೂತಿರಲಿಲ್ಲ. ಅಂಚು ಸವೆದು, ಎಲುಬಿಗೆ ಎಲುಬು ತಾಗುತ್ತಿತ್ತು. ಅವನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಸರಿಯಾಗಿ ಕೂರದ ಕಡೆ ಏನಾಗುತ್ತದೆ ಎಂಬುದೇ ಅವನ ಕಸುಬು.

“ಇದು ಇವತ್ತಿನದಲ್ಲ,” ಎಂದರು ವೈದ್ಯರು. “ವರ್ಷ ಆಗಿರಬೇಕು. ಪಾಪ, ಹೇಳ್ತಾ ಇತ್ತಲ್ಲ ನಿಮಗೆ, ಗುರುಗುಟ್ಟಿ.”

ಆಸ್ಪತ್ರೆಯ ಮುಂದಿನ ಕಲ್ಲುಬೆಂಚಿನ ಮೇಲೆ ಕೂತು ಅವನು ಪ್ರಶ್ನೆಯಮ್ಮನಿಗೆ ಫೋನು ಮಾಡಿದ. ಮೊದಲ ಸಲ ಅವನೇ ಎಲ್ಲವನ್ನೂ ಹೇಳಿದ. ಮೈದಾನ, ಹಕ್ಕಳೆ, ಚೆಂಡು, ಹೆಬ್ಬೆರಳು. ಆಕೆ ನಡುವೆ ಬಾಯಿ ಹಾಕಲಿಲ್ಲ.

“ಬೈಯಿರಿ,” ಎಂದ ಕೊನೆಗೆ.

“ಬೈದು ಏನು ಮಾಡಲಿ ಸರ್.”

“ಅವನಿಗೆ ಆ ಗುರ್ ಅನ್ನೋದು ವಾಪಸು ಬರುತ್ತಾ?”

“ಕೆಲವಕ್ಕೆ ಬರುತ್ತೆ. ನೋವು ಕಡಿಮೆಯಾಗಿ, ಭಯ ಹೋಗಿ, ಯಾರೂ ಏನೂ ಮಾಡಲ್ಲ ಅಂತ ನಂಬಿಕೆ ಬಂದ ಮೇಲೆ. ನಿಮ್ಮವನಿಗೆ ಬರುತ್ತೆ ಅಂತ ನಾನು ಹೇಳೋಕಾಗಲ್ಲ.”

“ನೀವು ಸ್ವಲ್ಪ ದಿನ ಇಟ್ಕೊಂಡ್ರೆ...”

“ನನ್ನ ಮನೇಲಿ ಈಗಾಗ್ಲೇ ಇಂಥವೇ ಎರಡಿವೆ. ಒಂದನ್ನೊಂದು ನೋಡಿದ್ರೆ ಆಗಲ್ಲ.” ಮತ್ತೆ ಹೇಳಿದಳು: “ಆವತ್ತು ಕಟಾಂಜನ ಹಾಕಿ ಅಂದಿದ್ದೆ. ಈಗ ಅದನ್ನೂ ಹೇಳಲ್ಲ. ಮುನ್ಸೂಚನೆ ಕೊಡದ ನಾಯಿನ ಅಂಬೆಗಾಲಿಡೋ ಮಗು ಇರೋ ಮನೇಲಿ ಇಡಬೇಡಿ. ಇವತ್ತೇ ಏನಾದ್ರೂ ಮಾಡಿ.”

ಪ್ರಾಣಿವೈದ್ಯರು ತಮ್ಮ ಆಸ್ಪತ್ರೆಯ ಹಿಂದಿನ ಗೂಡಿನಲ್ಲಿ ಸ್ವಲ್ಪ ದಿನ ಇಟ್ಟುಕೊಳ್ಳಲು ಒಪ್ಪಿದರು. ಆಮೇಲೆ ಏನು ಎಂದು ಅವನು ಕೇಳಲಿಲ್ಲ. ಅವರೇ ಹೇಳಿದರು. ಕಚ್ಚಿದ ಮುದಿನಾಯಿಯನ್ನು ಕೇಳಿಕೊಂಡು ಬರುವವರು ಕಡಿಮೆ. ನೋಡೋಣ. ಮೂರು ಗಂಟೆಯ ಮೇಲೆ ಗೂಡು ಖಾಲಿಯಾಗುತ್ತೆ, ಕರೆದುಕೊಂಡು ಬನ್ನಿ. ಮಗಳು ಬರುವುದು ಸಂಜೆಗೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ ಎಂದುಕೊಂಡ.

ಮನೆಗೆ ಬಂದು ಹೆಂಡತಿಯ ಮುಂದೆ ಪಟ್ಟಿ ಬಿಚ್ಚಿದ. ಅವಳು ನೋಡಿದಳು. ಮಗುವಿನ ಹಾಸಿಗೆಯ ಸುಕ್ಕು ಸರಿಮಾಡುತ್ತಿದ್ದ ಕೈ ಅಲ್ಲೇ ನಿಂತಿತು.

“ಯಾವಾಗ?”

“ನಿನ್ನೆ.”

“ನಾನು ಪಕ್ಕದಲ್ಲೇ ಇದ್ನಲ್ಲ.”

“ಹೌದು.”

“ಅದೂ ಹೇಳಲಿಲ್ಲ,” ಎಂದಳು ಅವಳು. “ನೀವೂ ಹೇಳಲಿಲ್ಲ.”

ಅವನು ಹಕ್ಕಳೆಯ ವಿಷಯ ಹೇಳಿದ. ಎಲುಬಿನ ವಿಷಯ ಹೇಳಿದ. ಅವಳು ಹಾಸಿಗೆಯ ತುದಿಯಲ್ಲಿ ಕೂತು, ಮರದ ಕುದುರೆಯನ್ನು ಕೈಗೆತ್ತಿಕೊಂಡು, ಅದರ ಬೆನ್ನನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು.

“ನೋವಿಗೆ ಗುರ್ ಅನ್ನುತ್ತೆ ಅಂದ್ಕೊಂಡಿದ್ರೆ ‘ಬಿಟ್ಟು ಬನ್ನಿ’ ಅಂತಿರಲಿಲ್ಲ ನಾನು,” ಎಂದಳು. “ಕೊಬ್ಬು ಅಂದ್ಕೊಂಡೆ. ಆ ಹೆಂಗಸು ಹೇಳಿದಾಗ ನಿಮಗೆ ಸರಿ ಅನ್ನಿಸಿತ್ತಾ?”

“ಅನ್ನಿಸಿತ್ತು.”

“ಮತ್ತೆ?”

ಅವಳು ಎದ್ದು ಅಡಿಗೆಮನೆಗೆ ಹೋಗಿ ಬಟ್ಟಲಿಗೆ ಹಾಲು ಹಾಕಿ ತಂದು, ಮೇಜಿನಿಂದ ದೂರದಲ್ಲಿ ಇಟ್ಟು, ಹಿಂದೆ ಸರಿದು ನಿಂತಳು. ಬೂದ ಮೊದಲು ಅವಳನ್ನು ನೋಡಿತು, ಆಮೇಲೆ ಬಟ್ಟಲನ್ನು. ಕುಡಿಯುವವರೆಗೂ ಯಾರೂ ಅಲುಗಾಡಲಿಲ್ಲ.

ಮಧ್ಯಾಹ್ನ ಮೂರು ದಾಟಿದ ಮೇಲೆ ಹಲ್ಲಪ್ಪ ಸರಪಳಿ ಹಾಕಿ, ಕಂಬಳಿಯನ್ನು ಕಂಕುಳಲ್ಲಿ ಮಡಚಿಟ್ಟುಕೊಂಡು ಹೊರಟ. ಮನೆ ಮೊದಲ ಮಹಡಿಯಲ್ಲಿತ್ತು. ಎರಡು ತಿರುವಿನ ಇಕ್ಕಟ್ಟು ಮೆಟ್ಟಿಲು, ಒಂದು ಬದಿ ಗೋಡೆ, ಇನ್ನೊಂದು ಬದಿ ಕಬ್ಬಿಣದ ಕಂಬಿ. ಬೆಳಗ್ಗೆ ಆಸ್ಪತ್ರೆಗೆ ನಡೆದು ಬಂದದ್ದೇ ಬೂದನಿಗೆ ಹೆಚ್ಚಾಗಿತ್ತು. ನಾಲ್ಕೈದು ಮೆಟ್ಟಿಲಿಳಿದು ತಿರುವಿನ ಚೌಕದಲ್ಲಿ ಕೂತುಬಿಟ್ಟಿತು. ಹಿಂಗಾಲು ಒಂದು ಪಕ್ಕಕ್ಕೆ ಜಾರಿತ್ತು.

“ಬಾರೋ,” ಎಂದ.

ಅದು ಏಳಲಿಲ್ಲ. ಸರಪಳಿ ಜಗ್ಗಿದರೆ ಕತ್ತಿನ ಹಕ್ಕಳೆಗೆ ತಾಗುತ್ತದೆ. ಎತ್ತಿಕೊಳ್ಳೋಣವೆಂದರೆ ಸೊಂಟಕ್ಕೆ ಕೈಕೊಡಬೇಕು. ಅದು ಮರಿಯಾಗಿದ್ದಾಗ ಎಷ್ಟೋ ಸಲ ಇದೇ ಚೌಕದಿಂದ ಹೆಗಲ ಮೇಲೆ ಹೊತ್ತು ಹತ್ತಿದ್ದ. ಅವನು ಕೆಳಗಿನ ಮೆಟ್ಟಿಲಿನ ಮೇಲೆ, ಅದಕ್ಕೆ ಓರೆಯಾಗಿ, ಆ ಹೆಂಗಸು ಕೂತಿದ್ದ ಹಾಗೆ ಕೂತ. ಪಟ್ಟಿ ಕಟ್ಟಿದ ಕೈಯನ್ನು ಮೆಲ್ಲಗೆ, ನೆಲದುದ್ದಕ್ಕೂ, ಅದರ ಸೊಂಟದ ಕಡೆಗೆ ಸರಿಸಿದ. ಬೂದ ಮುಖ ತಿರುಗಿಸಿತು. ತುಟಿ ನೆಕ್ಕಿಕೊಂಡಿತು.

“ಗುರ್ ಅನ್ನೋ,” ಎಂದ ಹಲ್ಲಪ್ಪ. “ಒಂದೇ ಒಂದ್ಸಲ. ಯಾರೂ ಏನೂ ಮಾಡಲ್ಲ. ಗುರ್ ಅಂದ್ರೆ ವಾಪಸು ಮೇಲೆ ಹೋಗೋಣ.”

ಅದು ಸುಳ್ಳು. ಗುರ್ ಅಂದರೂ ಮೇಲೆ ಹೋಗುವ ಹಾಗಿರಲಿಲ್ಲ. ಆದರೂ ಅವನು ಕಾದ. ಬೂದನ ಗಂಟಲು ಒಮ್ಮೆ ಅಲುಗಿತು. ಉಗುಳು ನುಂಗಿದ್ದು ಅಷ್ಟೇ. ಅವನು ಕೈ ಹಿಂದಕ್ಕೆಳೆದುಕೊಂಡ.

ಕೆಳಗೆ ಬೀದಿಬಾಗಿಲು ತೆರೆದುಕೊಂಡಿತು. ಟ್ಯಾಕ್ಸಿಯ ಬಾಗಿಲು ಮುಚ್ಚಿದ ಸದ್ದು, ಪೆಟ್ಟಿಗೆಯ ಗಾಲಿಗಳ ಸದ್ದು, ಆಮೇಲೆ ಮಗಳ ದನಿ: “ಮುಂಚಿನ ರೈಲೇ ಸಿಕ್ತು ಪುಟ್ಟಿ, ಅಜ್ಜಿಗೆ ಹೇಳೇ ಇಲ್ಲ ನಾವು. ಹೆದರಿಸೋಣ್ವಾ?”

ಬೂದನ ಜೋಲುಕಿವಿ ಎದ್ದಿತು. ಬಾಲ ನೆಲಕ್ಕೆ ತಟ್ಟಿತು. ಒಮ್ಮೆ, ಮತ್ತೊಮ್ಮೆ. ಮೈದಾನದಿಂದ ಬಂದ ಮೇಲೆ ಅದು ಬಾಲ ಅಲ್ಲಾಡಿಸಿದ್ದು ಅದೇ ಮೊದಲು. ಏಳಲು ನೋಡಿ, ಹಿಂಗಾಲು ನಿಲ್ಲದೆ, ಮತ್ತೆ ಕುಸಿಯಿತು.

ಕೆಳಗಿನ ತಿರುವಿನಲ್ಲಿ ಮಗಳ ತಲೆ ಕಾಣಿಸಿತು. ಸೊಂಟದ ಮೇಲೆ ಮಗು, ಇನ್ನೊಂದು ಕೈಯಲ್ಲಿ ಚೀಲ. “ಅಪ್ಪ, ಮೆಟ್ಟಿಲ ಮೇಲೆ ಏನ್ ಮಾಡ್ತಿದೀರ? ಅಯ್ಯ, ಬೂದ! ನನ್ನ ಕರ್ಕೊಂಡು ಹೋಗೋಕೆ ಬಂದ್ಯಾ?” ಅವಳು ಏದುಸಿರಿನಲ್ಲೇ ನಗುತ್ತಾ ಹತ್ತಿದಳು, ಚೀಲ ಕೆಳಗಿಟ್ಟಳು, ಮಗುವಿಗೆ ನಾಯಿ ಕಾಣಲೆಂದು ಮುಂದಕ್ಕೆ ಬಾಗಿದಳು. ಮಗು ಎರಡೂ ಕೈಗಳನ್ನು ನಾಯಿಯ ಕಡೆಗೆ ಚಾಚಿತು. ಬಾಲ ತಟ್ಟುವುದು ನಿಂತಿತು. ಬೂದ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿತು. ಸದ್ದಿರಲಿಲ್ಲ.

“ಹತ್ರ ಬರಬೇಡ!”

ಆ ಕೂಗು ಯಾರದೆಂದು ಹಲ್ಲಪ್ಪನಿಗೇ ಮೊದಲು ತಿಳಿಯಲಿಲ್ಲ. ಎದೆಯ ತಳದಿಂದ, ಕಲ್ಲುರುಳಿದ ಹಾಗೆ ಬಂದಿತ್ತು. ಮೆಟ್ಟಿಲಿನ ಗೋಡೆಗಳು ಅದನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಎಸೆದವು. ಎಲ್ಲೋ ಒಂದು ಬಾಗಿಲು ತೆರೆಯಿತು. ಮಗಳು ನಿಂತಲ್ಲೇ ನಿಂತಳು. ಹುಟ್ಟಿದಾಗಿನಿಂದ ಅಪ್ಪನ ದನಿ ಇಷ್ಟೆತ್ತರ ಹೋದದ್ದನ್ನು ಅವಳು ಕೇಳಿರಲಿಲ್ಲ. ಅವಳ ಮುಖದಲ್ಲಿ ಸಿಟ್ಟೂ ಇರಲಿಲ್ಲ, ಪ್ರಶ್ನೆಯೂ ಇರಲಿಲ್ಲ. ಅಪರಿಚಿತರ ಮನೆಗೆ ಬಂದುಬಿಟ್ಟವಳ ಹಾಗೆ ಮಗುವನ್ನು ಎದೆಗವುಚಿಕೊಂಡು ಒಂದು ಮೆಟ್ಟಿಲು ಹಿಂದಕ್ಕೆ ಇಳಿದಳು. ಮಗು ಬಿಕ್ಕಿ ಅಳತೊಡಗಿತು.

ಹಲ್ಲಪ್ಪ ಮಗಳಿಗೆ ಹೇಳಬೇಕೆಂದು ಬಾಯಿ ತೆರೆದ. ಹೇಳಬೇಕಾದದ್ದು ಬಹಳವಿತ್ತು, ಒಂದೂ ಕೈಗೆ ಸಿಗಲಿಲ್ಲ. ಹಿಂದಿರುಗಿ ನೋಡಿದ.

ಅವನ ಕೂಗಿಗೆ ಬೂದ ನೆಲಕ್ಕೆ ಅಂಟಿ ಮಲಗಿತ್ತು. ಕಿವಿ ತಲೆಗೊತ್ತಿ, ಬಾಲ ಹೊಟ್ಟೆಯಡಿ ಸೇರಿಸಿ, ಮುಂಗಾಲುಗಳನ್ನು ಸಮನಾಗಿ ಮುಂದಕ್ಕೆ ಚಾಚಿಕೊಂಡು, ಮೈದಾನದ ಸಾಲಿನಲ್ಲಿ ಮಲಗಿದ್ದ ನಾಯಿಗಳ ಹಾಗೆ. ಮೇಲಿನ ಬಾಗಿಲಲ್ಲಿ ಹೆಂಡತಿ ಬಂದು ನಿಂತಿದ್ದಳು. ಮಗುವಿನ ಅಳುವೊಂದನ್ನು ಬಿಟ್ಟರೆ ಆ ಮೆಟ್ಟಿಲುಗಳ ಮೇಲೆ ಬೇರೆ ಸದ್ದಿರಲಿಲ್ಲ.